ಅಮ್ಮ ಹಾಕಿದ ಖಾಲಿ ಚೀಟಿ

ಪಾಲೋ ಸೆಕೊ, ಟೆಕ್ಸಸ್
೪ ಮಾರ್ಚ್ ೧೯೭೬, ಗುರುವಾರ

ಪ್ರೀತಿಯ ತಂಗಿ ಒತಿಲಿಯಾ,

ಹೇಗಿದ್ದೀ? ಶಿಕಾಗೋದಲ್ಲಿ ಇನ್ನೂ ಹಿಮ ಬೀಳುತ್ತಿದೆ ಎಂದು ರೇಡಿಯೋದಲ್ಲಿ ಹೇಳಿದಾಗಲೆಲ್ಲ ಅಮ್ಮನಿಗೆ ನಿನ್ನ ಕೆಮ್ಮಿನದೇ ಚಿಂತೆ. ಎದೆಗೆ ಬೆಚ್ಚಗೆ ಏನಾದರೂ ಸುತ್ತಿಕೋ. ಅವಳಿಗೆ ಎಪ್ಪತ್ತೊಂದು ತುಂಬಿತು. ಮೊಣಕಾಲು ನೋವು ಬಿಟ್ಟರೆ ಬೇರೇನಿಲ್ಲ, ಬಾಯಿ ಮಾತ್ರ ಇನ್ನೂ ಇಪ್ಪತ್ತರದೇ. ನಿನ್ನ ಭಾವ ಫೌಸ್ತಿನೊ ಚೆನ್ನಾಗಿದ್ದಾರೆ. ನಾವಿಬ್ಬರೂ ಕಾಗದ ಬರೆದುಕೊಳ್ಳದೆ ಹದಿನಾರು ತಿಂಗಳಾಯಿತು. ನೀನು ಯಾಕೆ ಬರೆಯಲಿಲ್ಲ ಎಂಬುದು ನನಗೆ ಗೊತ್ತು. ನಾನು ಬರೆಯದಿದ್ದುದಕ್ಕೆ ನಾಚಿಕೆಯೇ ಕಾರಣ.

ಆ ನವೆಂಬರಿನ ಮಂಗಳವಾರದ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಶಾಲೆಯ ಮತಗಟ್ಟೆಯಲ್ಲಿ ನೀನು ಅಮ್ಮನ ಪಕ್ಕ ನಿಂತು ಚೀಟಿಯಲ್ಲಿದ್ದ ಹೆಸರುಗಳನ್ನು ನಮ್ಮ ಸ್ಪ್ಯಾನಿಷ್‌ನಲ್ಲಿ ಓದಿ ಹೇಳುತ್ತಿದ್ದೆ. ಮೇಜಿನ ಹಿಂದೆ ಕೂತಿದ್ದ ಹೆಂಗಸು ಎದ್ದು, “ಇಲ್ಲಿ ಇಂಗ್ಲಿಷ್ ಬಿಟ್ಟು ಬೇರೆ ಮಾತಾಡೋ ಹಾಗಿಲ್ಲ, ಹೊರಗೆ ನಡಿ” ಎಂದಳು. “ನಮ್ಮಮ್ಮಂಗೆ ಓದೋಕ್ ಬರಲ್ಲ ಕಣ್ರೀ, ಯಾವ ಹೆಸರು ಎಲ್ಲಿದೆ ಅಂತ ಹೇಳ್ತಿದೀನಿ ಅಷ್ಟೆ” ಎಂದು ನೀನು ಕೂಗಿದೆ. ಪೊಲೀಸಿನವನು ನಿನ್ನ ರಟ್ಟೆ ಹಿಡಿದು ಬಾಗಿಲಾಚೆ ಬಿಟ್ಟು ಬಂದ. ಸಾಲಿನಲ್ಲಿ ನಿಮ್ಮ ಹಿಂದೆ ಆರನೆಯವಳು ನಾನು. ಹೋಗುವಾಗ ನೀನು ನನ್ನ ಮುಖ ನೋಡಿದೆ, ನಾನು ನೆಲ ನೋಡಿದೆ. ನನ್ನ ಸರದಿ ಬಂದಾಗ ಮತ ಹಾಕಿ ಮನೆಗೆ ಬಂದು, “ಊರೆಲ್ಲ ನೋಡೋ ಹಾಗೆ ಕಿರುಚಾಡಬೇಕಿತ್ತೇನೇ?” ಎಂದು ನಿನಗೇ ಬೈದೆ. ಆ ವಾರವೇ ನೀನು ಬಸ್ಸು ಹತ್ತಿದೆ. ತಪ್ಪು ನನ್ನದು, ಒತಿಲಿಯಾ. ಹೀಗೆಂದು ಬರೆಯಲು ಇಷ್ಟು ದಿನ ಬೇಕಾಯಿತು.

ನೀನು ಹೋದ ಮೇಲೆ, ಕಳೆದ ವರ್ಷದ ಜನವರಿಯಲ್ಲಿ, ಸ್ಯಾನ್ ಆಂಟೋನಿಯೋದಿಂದ ಎಲಿಸೊಂಡೊ ಎಂಬ ಒಬ್ಬ ವಕೀಲೆ ಬಂದಳು. ಹತ್ತು ವರ್ಷದ ಹಿಂದೆ ಕರಿಯರ ಮತದ ಹಕ್ಕಿಗಾಗಿ ವಾಷಿಂಗ್ಟನ್ನಿನ ಶಾಸನಸಭೆ ಮಾಡಿದ್ದ ಕಾನೂನಿನ ಅವಧಿ ಮುಗಿಯುತ್ತ ಬಂದಿತ್ತು. ಅದನ್ನು ಮುಂದುವರಿಸುವಾಗ, ಇಂಗ್ಲಿಷ್ ಬಾರದ ನಮ್ಮಂಥವರನ್ನೂ ಸೇರಿಸಬೇಕೇ ಎಂದು ಸಭೆಯ ಒಂದು ಸಮಿತಿ ವಿಚಾರಣೆ ನಡೆಸುತ್ತಿತ್ತು. ನಿನ್ನನ್ನು ಹೊರಗೆ ಹಾಕಿದ ಸುದ್ದಿ ಯಾರೋ ಅವಳ ಕಿವಿಗೆ ಹಾಕಿದ್ದರು. ಅಮ್ಮ ಬಂದು ಸಾಕ್ಷಿ ಹೇಳಲಿ ಎಂದು ಕೇಳಿದಳು. “ನಂಗೆ ಓದೋಕ್ ಬರಲ್ಲ ಅಂತ ದೇಶಕ್ಕೆಲ್ಲ ಡಂಗುರ ಹೊಡೀಬೇಕಾ?” ಎಂದು ಅಮ್ಮ ಮೂರು ಸಲ ಕಾಫಿ ಕುಡಿಸಿ ಕಳಿಸಿದಳು. ನಾಲ್ಕನೆಯ ಸಲ ಬಂದಾಗ ವಕೀಲೆ ಒಂದೇ ಒಂದು ಪ್ರಶ್ನೆ ಕೇಳಿದಳು: “ಮಗಳನ್ನ ಹೊರಗೆ ಹಾಕಿದ ಮೇಲೆ ಯಾರಿಗೆ ಮತ ಹಾಕಿದ್ರಿ, ಅಮ್ಮಾ?” ನನಗೂ ನಿನಗೂ ಅಮ್ಮ ಹೇಳಿದ್ದು ನೆನಪಿದೆಯಲ್ಲ, ನಮ್ಮ ಜನದವನಿಗೇ ಹಾಕಿದೆ ಅಂತ? ಅಂದು ಮಸಿಬಟ್ಟೆ ಹಿಂಡುತ್ತ, “ಯಾರಿಗೂ ಇಲ್ಲ. ಎಲ್ಲಿ ಗುರುತು ಹಾಕಬೇಕೋ ಗೊತ್ತಾಗಲಿಲ್ಲ. ಖಾಲಿ ಚೀಟೀನೇ ಮಡಚಿ ಪೆಟ್ಟಿಗೆಗೆ ಹಾಕ್ದೆ” ಎಂದಳು. ಆಮೇಲೆ ನನ್ನ ಕಡೆ ಕೈ ತೋರಿಸಿ, “ಇವಳ ಮುಂದೇನೇ ಹೇಳಿದ್ದಾಯ್ತು, ಇನ್ನು ಯಾರ ಮುಂದಾದ್ರೇನು? ನಡೀರಿ” ಎಂದಳು.

ಮಾರ್ಚಿನಲ್ಲಿ ನಾನೂ ಅಮ್ಮನೂ ವಾಷಿಂಗ್ಟನ್ನಿಗೆ ಹೋದೆವು. ವಿಮಾನದಲ್ಲಿ ಅಮ್ಮ ಜಪಮಾಲೆ ಬಿಡಲಿಲ್ಲ. ಇಳಿದ ಮೇಲೆ, ನಮ್ಮೂರ ಬಸ್ಸಿಗಿಂತ ವಾಸಿ ಎಂದಳು. ಸಮಿತಿಯವರು ಎತ್ತರದಲ್ಲಿ ಸಾಲಾಗಿ ಕೂತಿದ್ದರು. ಅವಳು ಇಗರ್ಜಿಗೆ ಹೊದೆಯುವ ಕಪ್ಪು ಶಾಲು ಹೊದ್ದು ಕೆಳಗಿನ ಮೇಜಿನ ಮುಂದೆ ಕೂತಳು, ಪಕ್ಕದಲ್ಲಿ ದುಭಾಷಿ. ನಡೆದದ್ದನ್ನೆಲ್ಲ ಹೇಳಿ ಕೊನೆಗೆ, “ಮತ ಹಾಕಿದವರ ಪಟ್ಟಿಯಲ್ಲಿ ನನ್ನ ಹೆಸರಿದೆ. ನಾನು ಹಾಕಿದ್ದು ಖಾಲಿ ಕಾಗದ” ಎಂದಳು. ಒಬ್ಬ ಸದಸ್ಯರು ಕನ್ನಡಕ ತೆಗೆದು, “ನೀವು ಹುಟ್ಟಿದ್ದೇ ಈ ದೇಶದಲ್ಲಿ. ಇಷ್ಟು ವರ್ಷದಲ್ಲಿ ಇಂಗ್ಲಿಷ್ ಯಾಕೆ ಕಲೀಲಿಲ್ಲ?” ಎಂದು ಕೇಳಿದರು. ಗದರಿದ್ದಲ್ಲ, ಕೇಳಿದ್ದು. ಅಮ್ಮ ದುಭಾಷಿಯ ಕಡೆ ತಿರುಗದೆ ಅವರನ್ನೇ ನೋಡುತ್ತ, “ಕಲ್ತಿದೀನಿ ಸ್ವಾಮೀ. ಒಂಬತ್ತನೇ ವರ್ಷದಿಂದ ಈರುಳ್ಳಿ ಹೊಲದಲ್ಲಿದ್ದೆ. ಅಲ್ಲಿ ನನಗೆ ಹೇಳಿದ್ದು ಮೂರೇ ಮಾತು: ‘ಬೇಗ’, ‘ಆಗಲ್ಲ’, ‘ಹೊರಗೆ’. ಮೂರೂ ಚೆನ್ನಾಗಿ ಬರುತ್ತೆ” ಎಂದಳು. ಹಿಂದೆ ಯಾರೋ ನಕ್ಕರು. ಪ್ರಶ್ನೆ ಕೇಳಿದವರು ನಗದೆ ಕನ್ನಡಕ ಹಾಕಿಕೊಂಡು ಆ ಮೂರು ಮಾತನ್ನೂ ಬರೆದುಕೊಂಡರು.

ಊರಿಗೆ ಬಂದ ಮೇಲೆ ಪಾಲಕ್ ಸೊಪ್ಪನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ನನ್ನನ್ನು ಡಬ್ಬಿ ಪರೀಕ್ಷಿಸುವ ಕೆಲಸದಿಂದ ತೆಗೆದು ಸೊಪ್ಪು ತೊಳೆಯುವ ನೀರಿಗೆ ಹಾಕಿದರು. ಮುಂದಿನ ಹಂಗಾಮಿಗೆ ಕರೆಯಲೇ ಇಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಈಗ ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಅಮ್ಮನಿಗೆ ಅದರ ಬೇಜಾರಿದೆ, ನನಗೆ ಅಷ್ಟಿಲ್ಲ.

ಎರಡೂ ಸದನಗಳಲ್ಲಿ ಮಸೂದೆ ಪಾಸಾಗಿ ಆಗಸ್ಟಿನಲ್ಲಿ ಅಧ್ಯಕ್ಷರ ಸಹಿ ಬಿತ್ತು. ಇನ್ನು ನಮ್ಮಂಥ ಊರುಗಳಲ್ಲಿ ಚೀಟಿ, ನೋಟೀಸು ಎಲ್ಲವೂ ನಮ್ಮ ಭಾಷೆಯಲ್ಲೂ ಇರಬೇಕು. ರೇಡಿಯೋದಲ್ಲಿ ಕೇಳಿದ ಅಮ್ಮ ಬೇಳೆ ಆರಿಸುತ್ತಲೇ, “ಸರಿ, ಬರಲಿ ನೋಡೋಣ” ಎಂದಳು, ಅಷ್ಟೆ. ಕಳೆದ ತಿಂಗಳು ಬಂದೇ ಬಂತು: ಏಪ್ರಿಲ್ ಮೂರರ ಶಾಲಾ ಮಂಡಳಿಯ ಚುನಾವಣೆಗೆ ಮೊದಲ ಸ್ಪ್ಯಾನಿಷ್ ನೋಟೀಸು. ಮನಸ್ಸಿಲ್ಲದೆ ಯಾರ ಕೈಯಲ್ಲಿ ಬರೆಸಿದರೋ, ‘ಕಾಂದಿದಾತೋಸ್’ ಎಂದು ಇರಬೇಕಾದಲ್ಲಿ ‘ಕಾಂದಾದೋಸ್’ ಎಂದು ಅಚ್ಚಾಗಿದೆ. ಉಮೇದುವಾರರಲ್ಲ, ಬೀಗಗಳು ಹೆಸರು ಕೊಡತಕ್ಕದ್ದಂತೆ! ನಾನು ಶಾಲೆಯ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದಿದೆ, ಯಾರೂ ಹೊರಗೆ ನಡಿ ಎನ್ನಲಿಲ್ಲ. ಅಮ್ಮ ನಕ್ಕು ನಕ್ಕು ಮೆಟ್ಟಿಲ ಮೇಲೆ ಕೂತಳು. “ಓದೋಕ್ ಬರೋರ ಯೋಗ್ಯತೆ ಇಷ್ಟೇನಾ? ಅಯ್ಯೋ ದೇವರೇ, ಇವರ ಮುಂದೆ ನಾನು ನಾಚಿಕೊಂಡಿದ್ದೆನಲ್ಲೇ!” ಎಂದಳು.

ಕತ್ತಲಾಗುವ ಮುಂಚೆ ಅಂಚೆಗೆ ಹಾಕಬೇಕು. ಅಮ್ಮ ಇಲ್ಲಿಂದಲೇ ನಿನ್ನ ಹಣೆಗೆ ಶಿಲುಬೆ ಬರೆದು ಹರಸಿದ್ದೇನೆಂದು ಬರೆಯಲು ಹೇಳಿದ್ದಾಳೆ. ಭಾವ ನೆನಪು ತಿಳಿಸಿದ್ದಾರೆ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ಎರ್ಲಿಂದಾ

ಮ. ಸೂ.: ಬರೆಯಬೇಕೆಂದು ಕೂತದ್ದೇ ಇದನ್ನು, ಕೈ ಬರಲಿಲ್ಲ. ಶಾಲಾ ಮಂಡಳಿಗೆ ನಿಲ್ಲುವವರು ಹೆಸರು ಕೊಡಲು ನಿನ್ನೆ ಐದು ಗಂಟೆಗೆ ಗಡುವಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಹೋಗಿ ನನ್ನ ಹೆಸರು ಕೊಟ್ಟುಬಂದೆ. ನಮ್ಮ ಬೀದಿಯಿಂದ ಇದುವರೆಗೆ ಯಾರೂ ನಿಂತಿಲ್ಲ, ಗೆಲ್ಲುತ್ತೇನೆಂದು ಯಾರಿಗೂ ನಂಬಿಕೆಯಿಲ್ಲ. ನನಗೆ ಮನೆಮನೆಗೆ ಹೋಗಿ ಮಾತಾಡಲು ಬರುವುದಿಲ್ಲ. ನೀನಾದರೆ ಕೂಗಬಲ್ಲೆ. ಬಾರೇ.