ಹಕ್ಕಿಯಲ್ಲದ ತಪ್ಪಿಗೆ ಸತ್ತ ಬಾವಲಿ ಮರಿಗಳು

ಮಾನ್ಯ ವೃಕ್ಷಾಧಿಕಾರಿಗಳೇ,

ಕಳೆದ ಸೋಮವಾರ ನಿಮ್ಮ ಆದೇಶದಂತೆ ರಾಜಧಾನಿಯ ಅಂಚಿನ ಉಲ್ಲಾಳದ ಹಳೇ ಊರಿನ ಆಲದ ಮರವನ್ನು ಕಡಿಯಲಾಯಿತು. ಅದರ ತುಂಬ ಮರಿ ಹಾಕಿದ ಬಾವಲಿಗಳಿದ್ದವು. ಅವು ನಿಮ್ಮವರಿಗೆ ಕಾಣಲಿಲ್ಲ ಎಂದು ನಾನು ದೂರುತ್ತಿಲ್ಲ. ಕಂಡವು, ಲೆಕ್ಕಕ್ಕೆ ಬರಲಿಲ್ಲ. ಬದುಕಿ ಉಳಿದವು ಈಗ ಪಕ್ಕದ ಅತ್ತಿ ಮರದಲ್ಲಿವೆ. ಬರುವ ಗುರುವಾರ ಅದಕ್ಕೂ ಗರಗಸ ಬೀಳಲಿದೆ.

ಹಕ್ಕಿಗೂಡು ಇರುವ ಮರವನ್ನು ಮರಿಗಳು ಹಾರುವವರೆಗೆ ಕಡಿಯಬಾರದು ಎಂದು ನಿಮ್ಮ ಕಚೇರಿಯೇ ಸುತ್ತೋಲೆ ಹೊರಡಿಸಿದೆ. ಒಳ್ಳೆಯ ಸುತ್ತೋಲೆ. ಅದನ್ನೇ ನಂಬಿ ನಾನು ಮರದ ಕೆಳಗೆ ನಿಂತೆ. ನಿಮ್ಮ ಪರಿಶೀಲಕರು ಕತ್ತೆತ್ತಿ ನೋಡಿದರು.

"ಗೂಡೆಲ್ಲಿದೆ, ತೋರ್ಸು."

"ಬಾವಲಿ ಗೂಡು ಕಟ್ಟಲ್ಲ ಸಾರ್. ಮರೀನ ಎದೆಗೇ ಅಂಟಿಸ್ಕೊಂಡಿರತ್ತೆ. ಆ ಕೊಂಬೆ ನೋಡಿ."

"ಬಾವಲಿ ಹಕ್ಕೀನಾ?"

"ಅಲ್ಲ ಸಾರ್, ಸಸ್ತನಿ."

"ನೀನೇ ಹೇಳ್ಬಿಟ್ಯಲ್ಲ ಗುರು! ಸರ್ಕ್ಯುಲರ್‌ನಲ್ಲಿರೋದು ಹಕ್ಕಿ. ಏಯ್, ಶುರು ಮಾಡ್ರೋ."

ನನ್ನ ಬಾಯಿಂದ ಬಂದ ನಿಜವೇ ಮರಣದಂಡನೆಯಾಯಿತು. ಹಾರುವುದನ್ನೆಲ್ಲ ಒಂದೇ ಗುಂಪಿಗೆ ಸೇರಿಸುತ್ತಿದ್ದ ಕಾಲವೊಂದಿತ್ತು. ಆಮೇಲೆ ವಿಜ್ಞಾನಿಗಳು ಹತ್ತಿರ ಹೋಗಿ ನೋಡಿದರು: ಮೈಮೇಲೆ ಕೂದಲಿದೆಯೇ, ಮರಿಗೆ ಹಾಲೂಡುತ್ತದೆಯೇ, ರೆಕ್ಕೆಯೊಳಗೆ ಬೆರಳಿನ ಮೂಳೆಗಳಿವೆಯೇ? ಅವರು ಜೀವಿಗಳನ್ನು ವಿಂಗಡಿಸಿದ್ದು ಯಾವುದು ಯಾವುದಕ್ಕೆ ನೆಂಟ ಎಂದು ಅರಿಯಲು. ಯಾರನ್ನು ಸಾಯಿಸಬಹುದು ಎಂದು ತಿಳಿಯಲು ಅಲ್ಲ. ಬಾವಲಿಯು ಗಿಳಿಗಿಂತ ನಿಮಗೆ ಹತ್ತಿರದ ಸಂಬಂಧಿ, ಸ್ವಾಮಿ. ಅದೇ ಅದರ ಅಪರಾಧವೇ? ಉಸಿರಾಡುವುದು, ಉಣ್ಣುವುದು, ಬೆಳೆಯುವುದು, ತನ್ನಂಥದ್ದನ್ನು ಹುಟ್ಟಿಸುವುದು, ಚುಚ್ಚಿದರೆ ಸ್ಪಂದಿಸುವುದು ಜೀವಿಯ ಲಕ್ಷಣಗಳು ಎಂದು ಮೆಟ್ರೊ ನಿಲ್ದಾಣದ ಬಳಿ ಮಾರುವ ಕಿರುಪುಸ್ತಕದಲ್ಲೂ ಬರೆದಿದೆ. ಗರಗಸದ ಸದ್ದಿಗೆ ಬಾವಲಿಗಳು ಚೀರಿ ಸ್ಪಂದಿಸಿದವು. ಅರ್ಜಿಯ ಮೇಲೆ ಅರ್ಜಿ ಬಂದರೂ ಮಿಸುಕದ ನಿಮ್ಮ ಕಚೇರಿಯನ್ನು ಯಾವ ಗುಂಪಿಗೆ ಸೇರಿಸೋಣ?

ಕಾರಿನ ಮೇಲೆ ಹಿಕ್ಕೆ ಬೀಳುತ್ತದೆ, ರೋಗ ಬರುತ್ತದೆ ಎಂದು ಬಡಾವಣೆಯ ಸಂಘ ದೂರು ಕೊಟ್ಟಿತ್ತು. ರೋಗದ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೆಲೆ ಕಳೆದುಕೊಂಡು ಬೆದರಿದ ಬಾವಲಿ ಎಲ್ಲಿಗೆ ಹೋಗುತ್ತದೆ? ಆ ದಿನ ಅವು ಸಂಘದವರ ಬಾಲ್ಕನಿಗಳಿಗೇ ಬಂದು ಬಡಿದುಕೊಂಡವು.

ಮರದ ಎದುರು ಮನೆಯ ವಿಮಲಮ್ಮ ಈ ಊರಿನ ಹಳೆಯ ಒಕ್ಕಲಿನವರು. ಬಾವಲಿಗಳು ಬೆದರುತ್ತವೆಂದು ಹಳೇ ಊರಿನವರು ದೀಪಾವಳಿಯಲ್ಲೂ ಆ ಬೀದಿಯಲ್ಲಿ ಪಟಾಕಿ ಹಚ್ಚುವುದಿಲ್ಲ. ಮಕ್ಕಳು ಅತ್ತು ರಂಪ ಮಾಡಿದರೂ ಮೈದಾನಕ್ಕೇ ಕರೆದುಕೊಂಡು ಹೋಗುತ್ತಾರೆ. ಮರ ಉರುಳಿದ ಮೇಲೆ, ಕೆಳಗೆ ಬಿದ್ದ ಮರಿಗಳನ್ನು ಎತ್ತಿಕೊಳ್ಳಲು ವಿಮಲಮ್ಮ ಮೊರ ಹಿಡಿದು ಬಂದರು.

"ಬರಿಗೈಲಿ ಮುಟ್ಬೇಡಿ ವಿಮಲಮ್ಮ, ಕಚ್ಚಿದ್ರೆ ಅಪಾಯ."

"ಕಣ್ ಬಿಟ್ಕೊಂಡು ನನ್ನೇ ನೋಡ್ತಾ ಐತೆ ಕಣಪ್ಪ. ಹೆಂಗ್ ಬಿಟ್ಟೋಗ್ಲಿ? ಆ ಗೋಣಿಚೀಲನಾದ್ರೂ ಕೊಡು, ಕೈಗ್ ಸುತ್ಕೊತೀನಿ."

ಗರಗಸದವರು ನಕ್ಕರು. ಸಂಜೆಯ ಹೊತ್ತಿಗೆ ಮೊರದಲ್ಲಿ ಒಂದೇ ಮರಿ ಉಸಿರಾಡುತ್ತಿತ್ತು. ಅದನ್ನು ಬಟ್ಟೆಯ ಜೋಳಿಗೆಯಲ್ಲಿಟ್ಟು ಅತ್ತಿ ಮರದ ಕೊಂಬೆಗೆ ಕಟ್ಟಿದೆವು. ಕತ್ತಲಾಗುತ್ತಿದ್ದಂತೆ ತಾಯಿ ಬಾವಲಿಗಳು ಕಡಿದುರುಳಿಸಿದ ಆಲದ ಮರದ ಜಾಗದಲ್ಲಿ ಸುತ್ತತೊಡಗಿದವು. ಅವುಗಳಲ್ಲಿ ಒಂದು ಜೋಳಿಗೆಯ ಪಕ್ಕ ಬಂದು ಕೂಗಿತು. ಮರಿ ಕೂಗಿತು. ತಾಯಿ ಅದನ್ನು ಎದೆಗೆ ಏರಿಸಿಕೊಂಡಿತು. ಉಳಿದ ತಾಯಿಗಳು ಸುತ್ತುತ್ತಲೇ ಇದ್ದವು. ಅವಕ್ಕೆ ಕೂಗಿ ಉತ್ತರಿಸುವವರು ಯಾರೂ ಇರಲಿಲ್ಲ.

ಆ ತಾಯಿ, ಆ ಮರಿ ಈಗ ನೀವು ಕೆಂಪು ಗುರುತು ಹಾಕಿರುವ ಅತ್ತಿ ಮರದಲ್ಲೇ ಇವೆ. ಮರಿ ತಾನೇ ಹಾರುವವರೆಗೆ ಆ ಮರವನ್ನು ಮುಟ್ಟಬೇಡಿ. ಸುತ್ತೋಲೆಯಿಂದ ಹಕ್ಕಿ ಎಂಬ ಪದ ತೆಗೆದು ಜೀವಿ ಎಂದು ಬರೆಯಿರಿ. ಇದಾವುದೂ ಆಗದು ಎನ್ನುವುದಾದರೆ ಗುರುವಾರ ಪರಿಶೀಲಕರನ್ನು ಕಳಿಸದೆ ನೀವೇ ಬನ್ನಿ. ವಿಮಲಮ್ಮ ಮರದ ಬುಡದಲ್ಲಿ ಕೂತಿರುತ್ತಾರೆ. ಅವರನ್ನು ಏಳಿ ಎಂದು ನಿಮ್ಮ ಬಾಯಿಂದಲೇ ಹೇಳಿ.

ಇಂತಿ,
ಉತ್ತರ ಬರುವುದಿಲ್ಲವೆಂದು ತಿಳಿದೂ ವಿಳಾಸ ಬರೆದಿರುವ
ಅನಿಕೇತ್
ಹಳೇ ಊರು, ಉಲ್ಲಾಳ