ಮೆಷಿನ್ ನಿಲ್ಲಿಸಿದ ಸಾಲು

ಹೊಲಿಗೆ ಅಂಗಡಿಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ಪ್ರೊಫೆಸರಮ್ಮಾ,

ಹೇಗಿದ್ದೀಯೆ? ಕೆಮ್ಮು ಕಡಿಮೆಯಾಯಿತೇ? ಲೈಬ್ರರಿಯಲ್ಲಿ ಕೂತರೆ ನಿನಗೆ ಊಟದ ನೆನಪೇ ಇರುವುದಿಲ್ಲ, ನನಗೆ ಗೊತ್ತಿಲ್ಲವೇ? ಸ್ವೆಟರಿನ ಮೊಣಕೈ ಸವೆದಿದ್ದರೆ ಇಲ್ಲಿಗೇ ಕಳಿಸು, ಅಲ್ಲಿ ಯಾರ ಕೈಗೂ ಕೊಡಬೇಡ. ನಾನು ಆರಾಮ. ನಮ್ಮ ಮಗಳು ಆಗಾಗ ಬಂದು, ನನಗೆ ನಾಲ್ಕು ಬೈದು, ಮನೆ ಒಪ್ಪ ಮಾಡಿ ಹೋಗುತ್ತಾಳೆ. ಬೈಗುಳ ಥೇಟ್ ನಿನ್ನದೇ.

ನಿನ್ನ ಹಳೆಯ ಸಂಪಾದಕರು ಪ್ಯಾಂಟಿನ ಸೊಂಟ ಸಡಿಲ ಮಾಡಿಸಲು ಬಂದಿದ್ದರು. “ಪತ್ರಿಕೆಗಳ ಮೇಲೇ ಸಂಶೋಧನೆ ಮಾಡ್ತಿದಾಳಂತೆ, ನನ್ನ ಮಾನ ಉಳಿಸಿದಾಳೋ ಇಲ್ವೋ?” ಎಂದು ಕೇಳಿದರು. ಸೊಂಟ ನನ್ನ ಜವಾಬ್ದಾರಿ, ಮಾನದ ವಿಷಯ ಅವಳನ್ನೇ ಕೇಳಿ ಎಂದೆ. ಇಷ್ಟು ವರ್ಷ ವರದಿ ಬರೆದವಳು, ಈಗ ವರದಿ ಹೇಗೆ ಹುಟ್ಟುತ್ತದೆ ಎಂದು ಬರೆಯುತ್ತಿರುವುದು ಅವರಿಗೆ ಇನ್ನೂ ಅರಗಿಲ್ಲ. ನಾನು ಮಾತ್ರ ಬಂದ ಗಿರಾಕಿಗಳ ಮುಂದೆಲ್ಲ ಕೊಚ್ಚಿಕೊಳ್ಳುತ್ತೇನೆ.

ನೀನು ಕಳಿಸಿದ ಅಧ್ಯಾಯ ತಲುಪಿತು. ಪತ್ರಿಕೆಯಲ್ಲಿದ್ದಾಗ ನೀನು ವರದಿಯ ಮೊದಲ ಸಾಲನ್ನು ನನ್ನ ಮೆಷಿನ್ ಪಕ್ಕ ನಿಂತು ಓದುತ್ತಿದ್ದೆಯಲ್ಲ? ನನ್ನ ಕಾಲು ತಾನಾಗಿ ನಿಂತರೆ ಸಾಲು ಗೆದ್ದಂತೆ. ಮೆಷಿನ್ ಓಡುತ್ತಲೇ ಇದ್ದರೆ ನೀನು ಮುಖ ಊದಿಸಿಕೊಂಡು ಹಾಳೆ ಹರಿದು ಹಾಕುತ್ತಿದ್ದೆ. ಅದೇ ಪರೀಕ್ಷೆ ಆಗಲಿ ಎಂದು ಅಧ್ಯಾಯವನ್ನು ಮಗಳ ಕೈಲಿ ಓದಿಸಿದೆ. ಮೆಷಿನ್ ನಿಲ್ಲಲೇ ಇಲ್ಲ ಕಣೇ! ಒಂದು ಇಡೀ ಅಂಗಿ ಮುಗಿಯಿತು. ನೀನು ಇಲ್ಲಿ ಇದ್ದಿದ್ದರೆ ಸಿಟ್ಟಿಗೆ ನನ್ನ ಕತ್ತರಿ ಬಚ್ಚಿಡುತ್ತಿದ್ದೆ. ಆ ಜಗಳವೂ ಬೇಕೆನಿಸುತ್ತದೆ. ಬೇಸಿಗೆಗೆ ನಿನ್ನ ಓದು ಮುಗಿಯುತ್ತದೆ, ಮನೆಗೆ ಬರುತ್ತೀಯೆ ಎಂದು ಕಾಯುತ್ತಾ ಕೂತಿದ್ದೆ. ನೀನು ನಿಲ್ಲುತ್ತಿದ್ದ ಜಾಗದಲ್ಲಿ ಬಟ್ಟೆ ಗಂಟು ಕೂಡ ಇಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ಪಾಠ ಸಹಿಸಿಕೊಳ್ಳುವ ಮಕ್ಕಳಿಗೆ ನನ್ನ ಆಶೀರ್ವಾದ.

ನಿನ್ನ ಮೊದಲ ಓದುಗ,
ಟೈಲರ್

ವಿ.ಸೂ.: ಮುಖ್ಯ ಸುದ್ದಿ ಮೊದಲು ಬರಬೇಕು ಎಂದು ಊರಿಗೆಲ್ಲ ಪಾಠ ಹೇಳುವವಳು ನೀನು. ವಿಶ್ವವಿದ್ಯಾಲಯ ಖಾಯಂ ಕೆಲಸ ಕೊಡುತ್ತಿದೆ, ಒಪ್ಪಿಕೊಳ್ಳಲೇ ಎನ್ನುವುದನ್ನು ಅಧ್ಯಾಯದ ಜೊತೆ ಬಂದ ಪತ್ರದ ತಳದಲ್ಲಿ ಸಣ್ಣಕ್ಷರದಲ್ಲಿ ತುರುಕಿದ್ದೀಯೆ. ಮಗಳು ಅದನ್ನು ಓದಿದಾಗ ಮೆಷಿನ್ ನಿಂತಿತು. ಒಪ್ಪಿಕೋ. ಆದರೆ ನೀನಿಲ್ಲದೆ ಇನ್ನು ನನ್ನ ಕೈಲಾಗುವುದಿಲ್ಲ. ಅಲ್ಲಿಯವರ ಬಟ್ಟೆಯೂ ಹರಿಯುತ್ತದೆ ತಾನೇ? ನಿನ್ನ ರೂಮಿನ ಕಿಟಕಿ ಪಕ್ಕ ಮೆಷಿನ್ ಹಿಡಿಸುತ್ತದೆಯೇ, ಅಳತೆ ತೆಗೆದು ಬೇಗ ಬರಿ.