ಅರ್ಧಕ್ಕೆ ನಿಂತ ಮುಡಿ

ಆವತಿ,
ಭಾನುವಾರ, ೨೮-೯-೧೯೪೭

ದೊಡ್ಡಬಳ್ಳಾಪುರದ ಬೆಲ್ಲದ ಮಂಡಿ ಯಜಮಾನರ ಪಾದಗಳಿಗೆ ಅಕ್ಕಯಮ್ಮ ಮಾಡುವ ನಮಸ್ಕಾರ. ನಮಸ್ಕಾರ ಪಾದಕ್ಕೆ ಮಾತ್ರ. ನಿಮ್ಮ ಮೇಲಿನ ಸಿಟ್ಟು ಇನ್ನೂ ಹಾಗೇ ಇದೆ, ಅದನ್ನ ಮೊದಲೇ ತಿಳಿಸಿಬಿಡ್ತೀನಿ. ಹೆಂಡತಿ ಕಾಗದ ಬಂತು ಅಂತ ಮೀಸೆ ಅಡಿಯಲ್ಲಿ ನಗಬೇಡಿ.

ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯೋದು ವಾಡಿಕೆ. ಬರೆದಿದ್ದೀನಿ ಅಂತಲೇ ತಿಳ್ಕೊಳ್ಳಿ. ನಿಜ ಏನಪ್ಪಾ ಅಂದ್ರೆ, ನಿಮ್ಮ ಮಗಳು ಮುತ್ತುವಿನ ತಲೆ ಬಲಗಡೆ ಪೂರಾ ಬೋಳಾಗಿದೆ, ಎಡಗಡೆ ಮೊದಲಿನ ಹಾಗೇ ಕೂದಲಿದೆ. ಗಾಬರಿ ಆಗಬೇಡಿ. ಅದು ಕಾಯಿಲೆ ಅಲ್ಲ, ರಾಜಕೀಯ.

ಗೌರಿ ಹಬ್ಬಕ್ಕೆ ತವರಿಗೆ ಹೋಗ್ತೀನಿ ಅಂತ ಬೀದಿಯವರಿಗೆಲ್ಲ ಹೇಳಿ ಬಂದೆ. ಹಬ್ಬ ಮುಗಿದರೂ ಯಾಕೆ ವಾಪಸು ಬರಲಿಲ್ಲ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು. ಮಹಾರಾಜರು ಜನರ ಕೈಗೆ ಸರ್ಕಾರ ಕೊಡಲಿ, ಮೈಸೂರು ಚಲೋ ಅಂತ ಊರಿಗೆ ಊರೇ ಎದ್ದು ನಿಂತಿರುವಾಗ ಕಾಂಗ್ರೆಸ್ಸಿನವರು ಬಂದು ಮಂಡಿ ಮೇಲೆ ಬಾವುಟ ಕಟ್ಟಿ ಅಂದ್ರು, ಕಟ್ಟಿಸಿಕೊಂಡ್ರಿ. ಅರಮನೆ ಕಡೆಯವರು ಬಂದು ಅದನ್ನ ಬಿಚ್ಚಿ ಅಂದ್ರು. ಬಾವುಟ ಬಿಚ್ಚೋಲ್ಲ, ಒಳಗೆ ನಮ್ಮಪ್ಪನ ಕಾಲದಿಂದ ಮಹಾರಾಜರ ಪಟ ಇದೆ, ಅದನ್ನೂ ತೆಗೆಯೋಲ್ಲ ಅಂದ್ರಿ. ಜನರ ಸರ್ಕಾರ ಬರಲೇಬೇಕು, ಆದರೆ ಅದಕ್ಕೋಸ್ಕರ ದೊರೆಯನ್ನ ಬಾಯಿಗೆ ಬಂದಂಗೆ ಬೈಯೋದು ಬೇಡ ಅಂತ ಇಬ್ಬರಿಗೂ ಒಂದೇ ಪಾಠ ಒಪ್ಪಿಸಿದ್ರಿ. ಏನಾಯ್ತು? ಬೆಳಗ್ಗೆ ಒಂದು ಕಡೆಯವರು ಬಾಗಿಲಿಗೆ ಸಗಣಿ ಬಳಿದ್ರು, ಸಂಜೆ ಇನ್ನೊಂದು ಕಡೆಯವರು ಹೆಂಚಿಗೆ ಕಲ್ಲು ಹೊಡೆದ್ರು. ಎರಡನ್ನೂ ತೊಳೆದು ಗುಡಿಸಿದವಳು ನಾನು.

ಅದನ್ನೂ ಸಹಿಸ್ಕೊಂಡಿದ್ದೆ. ಆದರೆ ಬಾವಿ ಹತ್ರ ಹೋದರೆ ಎಲ್ಲರ ಗಂಡಂದಿರಿಗೂ ಒಂದೊಂದು ಕಡೆ ಇತ್ತು. ನಿಮ್ಮೆಜಮಾನ್ರು ಯಾವ ಕಡೆ ಅಕ್ಕಯಮ್ಮಾ ಅಂತ ಕೇಳಿದರೆ ಅರ್ಧ ತುಂಬಿದ ಕೊಡ ಎತ್ಕೊಂಡು ಮನೆಗೆ ಬಂದುಬಿಡ್ತಿದ್ದೆ. ಅದೂ ಸರಿ, ಇದನ್ನೂ ಯೋಚನೆ ಮಾಡಬೇಕು ಅನ್ನೋದೇ ನಮ್ಮ ಯಜಮಾನರ ಕಡೆ ಅಂತ ಹೇಳೋದಕ್ಕೆ ಆಗ್ತದಾ? ಅದಕ್ಕೇ ಅವತ್ತು ರೇಗಿ ಅಂದಿದ್ದು, ಮೊದಲು ಒಂದು ಕಡೆ ಸೇರಿ, ಆಮೇಲೆ ನನ್ನೆದುರಿಗೆ ಬನ್ನಿ ಅಂತ. ನನ್ನ ತವರಲ್ಲಿ ಗಂಡಸರಿಗೆ ಒಂದೇ ಮಾತು, ಎರಡು ಮಾತಿಲ್ಲ ಅಂತಲೂ ಅಂದೆ.

ಬಂದು ನೋಡಿದೆ. ಒಂದೇ ಮಾತಿನ ಗಂಡಸರು ಒಂದು ಮನೇಲಿ ಇಬ್ಬರಿದ್ದರೆ ಏನಾಗ್ತದೆ ಅಂತ ನಮ್ಮೂರ ದೇವತೆ ಸಪ್ಪಲಮ್ಮ ತಾಯಿ ನನಗೆ ಚೆನ್ನಾಗಿ ತೋರಿಸಿಕೊಟ್ಟಳು.

ನಮ್ಮಣ್ಣ ಬೈರಣ್ಣ ಅರಮನೆ ಕಡೆ. ಜಗುಲಿ ಮೇಲೆ ಮಹಾರಾಜರ ಪಟಕ್ಕೆ ಮೊಳೆ ಹೊಡೆದು, ಅದರ ಕೆಳಗೇ ಕೂತು ತಾಂಬೂಲ ಹಾಕ್ಕೋತಾನೆ. ನನ್ನ ತಮ್ಮ ರಾಮಾಂಜಿನಪ್ಪ ಕಾಂಗ್ರೆಸ್ಸು. ಹಿತ್ತಲ ಚಕ್ಕೋತ ಮರದ ತುದಿಗೆ ಬಾವುಟ ಕಟ್ಟಿದ್ದಾನೆ. ಅಣ್ಣ ಆ ಬಾವುಟದ ಅಡಿಯಲ್ಲಿ ಹಾಯೋಲ್ಲ. ಹೊಲಕ್ಕೆ ಹೋಗಬೇಕಾದ್ರೆ ಪಕ್ಕದವರ ದನದ ಕೊಟ್ಟಿಗೆ ಒಳಗೆ ನುಗ್ಗಿ, ಎಮ್ಮೆ ಬಾಲದಲ್ಲಿ ಹೊಡೆಸಿಕೊಂಡು ಹೋಗ್ತಾನೆ. ತಮ್ಮ ಆ ಜಗುಲಿ ತುಳಿಯೋಲ್ಲ, ಹಿತ್ತಲ ಬಾಗಿಲಿಂದಲೇ ಓಡಾಟ. ಮರದ ತುಂಬ ಚಕ್ಕೋತ ಹಣ್ಣಾಗಿ ಉದುರಿ ಬಿದ್ದಿವೆ. ಕಾಂಗ್ರೆಸ್ ಹಣ್ಣು ಅಂತ ಅಣ್ಣ ಮುಟ್ಟೋಲ್ಲ, ಅಣ್ಣ ನೀರು ಹಾಕಿ ಬೆಳೆಸಿದ ಮರ ಅಂತ ತಮ್ಮ ಮುಟ್ಟೋಲ್ಲ. ನಾನೂ ಮುತ್ತೂ ಕೂತು ತಿಂತಾ ಇದ್ದೀವಿ.

ಒಲೆಯೂ ಎರಡಾಗಿದೆ. ಅತ್ತಿಗೆಯ ಒಲೆ ಒಂದು, ತಮ್ಮನ ಹೆಂಡತಿ ಒಲೆ ಒಂದು. ಗಂಡಸರು ಮನೆಯಿಂದ ಆಚೆ ಹೋದ ತಕ್ಷಣ ಇಬ್ಬರೂ ಸಾರು ಬದಲಾಯಿಸ್ಕೊಂಡು, ಒಂದೇ ಮಣೆ ಮೇಲೆ ಕೂತು ಉಣ್ತಾರೆ. ನನ್ನ ಪಾಡೇ ಕಷ್ಟ. ಅತ್ತಿಗೆ ಒಲೇಲಿ ಉಂಡರೆ ತಮ್ಮ ಮಾತಾಡಿಸೋಲ್ಲ, ತಮ್ಮನ ಹೆಂಡತಿ ಒಲೇಲಿ ಉಂಡರೆ ಅಣ್ಣ ಮುಖ ಗಂಟು ಹಾಕ್ಕೋತಾನೆ. ಯಾಕೆ ಬೇಕು ಗಲಾಟೆ ಅಂತ ಎರಡೂ ಕಡೆ ಉಂಡೆ. ಉಂಡು ಉಂಡು ಕುಪ್ಪಸದ ತೋಳು ಬಿಗಿಯಾಗಿದೆ. ನೀವು ಅಲ್ಲಿ ನಗ್ತಿರೋದು ನನಗೆ ಇಲ್ಲಿಗೆ ಕೇಳ್ತಿದೆ. ನಗೋದು ನಿಲ್ಲಿಸಿ ಮುಂದೆ ಓದಿ.

ಹೋದ ವರ್ಷ ಮುತ್ತುಗೆ ಅಮ್ಮ ಎದ್ದು ಮೈಯೆಲ್ಲ ಗುಳ್ಳೆಯಾದಾಗ ನಾವಿಬ್ಬರೂ ಬೇವಿನ ಸೊಪ್ಪು ಹಿಡ್ಕೊಂಡು ಮಗು ಪಕ್ಕ ಕೂತಿದ್ದು ನಿಮಗೆ ನೆನಪಿರಬೇಕು. ಮಗು ಉಳಿದರೆ ನಮ್ಮೂರ ಸಪ್ಪಲಮ್ಮನಿಗೆ, ಸೋದರಮಾವನ ತೊಡೆ ಮೇಲೆ ಕೂರಿಸಿ ಮುಡಿ ಕೊಡಿಸ್ತೀನಿ ಅಂತ ನಮ್ಮವ್ವ ಹರಕೆ ಹೊತ್ತಿದ್ದಳು. ಆ ಹರಕೆ ತೀರಿಸೋಣ ಅಂತ ಹೋದ ಮಂಗಳವಾರ ಎಲ್ಲರೂ ಗುಡಿ ಹತ್ರ ಹೋದೆವು. ಕ್ಷೌರದ ಮುನಿರಾಮಯ್ಯ ಕತ್ತಿ ಮಸೆದು ಕಾಯ್ತಾ ಇದ್ದ. ಹಿರಿಯ ಮಾವನ ಹಕ್ಕು ಅಂತ ಬೈರಣ್ಣ ಚಾಪೆ ಮೇಲೆ ಚಕ್ಕಂಬಕ್ಕಳ ಹಾಕಿ, ಮಗೂನ ತೊಡೆ ಮೇಲೆ ಕೂರಿಸ್ಕೊಂಡ. ಮುತ್ತು ಬಾಯಿ ತುಂಬ ಕೊಬ್ಬರಿ ಸಕ್ಕರೆ ತುಂಬ್ಕೊಂಡು ಒಂದು ಚೂರೂ ಅಳಲಿಲ್ಲ. ಬಲಗಡೆ ನುಣ್ಣಗೆ ಆಯ್ತು.

ಅಷ್ಟು ಹೊತ್ತಿಗೆ ರಾಮಾಂಜಿನಿ ಜನ ಕಟ್ಟಿಕೊಂಡು, ಬಾವುಟ ಹಿಡ್ಕೊಂಡು, ಘೋಷಣೆ ಕೂಗ್ತಾ ಅದೇ ದಾರೀಲಿ ಬಂದ. ಸುಮ್ಮನೆ ಹೋಗಬಾರದಾ? ನಿಂತ. ಗುಲಾಮರ ತೊಡೆ ಮೇಲೆ ನನ್ನ ಸೊಸೆ ಮುಡಿ ಕೊಡಕೂಡದು ಅಂದ. ನನ್ನ ತೊಡೆಯನ್ನ ಗುಲಾಮರ ತೊಡೆ ಅಂತೀಯೇನಲಾ ಅಂತ ಅಣ್ಣ ಎದ್ದೇಬಿಟ್ಟ. ತೊಡೆ ಮೇಲೆ ಮಗು ಇದೆ ಅನ್ನೋದೂ ಮರೆತ. ನಾನು ಹಾರಿ ಹಿಡ್ಕೊಳ್ಳದೆ ಇದ್ದಿದ್ದರೆ ನಿಮ್ಮ ಮಗಳು ಕೊಬ್ಬರಿ ಸಮೇತ ಮಣ್ಣಲ್ಲಿ ಇರ್ತಿದ್ದಳು.

ಆಮೇಲೆ ಇಬ್ಬರೂ ಮುನಿರಾಮಯ್ಯನ ಮೇಲೆ ತಿರುಗಿದರು. ಅರಮನೆ ಬಾಲಬಡುಕರಿಗೆ ಕ್ಷೌರ ಮುಂದುವರಿಸಿದರೆ ನಮ್ಮವರು ಯಾರೂ ಸುಗ್ಗೀಲಿ ನಿನಗೆ ವರ್ಷದ ಕ್ಷೌರಕ್ಕೆ ಅಳೆಯೋ ಆಯದ ರಾಗಿ ಕೊಡೋಲ್ಲ ಅಂದ ತಮ್ಮ. ಇವನ ಮಾತು ಕೇಳಿ ಕತ್ತಿ ಕೆಳಗಿಟ್ಟರೆ ನಾವು ಯಾರೂ ಕೊಡೋಲ್ಲ ಅಂದ ಅಣ್ಣ. ಪಾಪ, ಅವನೇನು ಮಾಡ್ತಾನೆ? ಕತ್ತಿ, ಕನ್ನಡಿ ಎಲ್ಲ ಚೀಲಕ್ಕೆ ತುಂಬಿ, ಅಣ್ಣ ತಮ್ಮ ಇಬ್ಬರೂ ಒಂದೇ ಚಾಪೆ ಮೇಲೆ ಕೂತ ದಿನ ಕರೀರಿ, ಉಳಿದರ್ಧ ಮಾಡಿಕೊಡ್ತೀನಿ ಅಂತ ಕೈ ಮುಗಿದು ಹೊರಟುಹೋದ. ಬೇರೆ ಊರಿಂದ ಕರೆಸೋಣ ಅಂದರೆ, ಒಬ್ಬ ಹಿಡಿದ ಮುಡಿಗೆ ಇನ್ನೊಬ್ಬ ಕತ್ತಿ ತಾಗಿಸೋ ಪದ್ಧತಿ ಇಲ್ಲವಂತೆ.

ಅವತ್ತಿಂದ ಊರ ಮಕ್ಕಳಿಗೆಲ್ಲ ನಿಮ್ಮ ಮಗಳದೇ ಆಟ. ಬೋಳು ಕಡೆ ಅರಮನೆ, ಕೂದಲ ಕಡೆ ಕಾಂಗ್ರೆಸ್ಸು ಅಂತ ಎರಡು ಗುಂಪು ಮಾಡ್ಕೊಂಡು ಇವಳನ್ನ ನಡುವೆ ನಿಲ್ಲಿಸಿ ಎರಡು ಕೈ ಹಿಡಿದು ಎಳೀತಾರೆ. ಇವಳಿಗೆ ಸಂಭ್ರಮವೋ ಸಂಭ್ರಮ. ಯಾವ ಕಡೆಯವರು ಬೆಲ್ಲ ಕೊಡ್ತಾರೋ ಆ ಕಡೆ ತಲೆ ತಿರುಗಿಸಿ ತೋರಿಸ್ತಾಳೆ. ಯಾರ ಮಗಳು ಹೇಳಿ.

ತಮಾಷೆಯಾಗಿ ಬರೀತಾ ಇದ್ದೀನಿ ಅಷ್ಟೆ. ನನಗೆ ಭಯ ಆಗ್ತಿದೆ ರೀ. ಹರಕೆ ಅರ್ಧಕ್ಕೆ ನಿಲ್ಲಬಾರದು ಅಂತ ಅವ್ವ ಅನ್ನ ಬಿಟ್ಟು ಮಲಗಿದ್ದಾಳೆ. ಗಂಜಿ ಕುಡಿಸೋದೂ ಕಷ್ಟವಾಗಿದೆ. ನಿನ್ನೆ ಮಗು ಮೈ ಸ್ವಲ್ಪ ಬೆಚ್ಚಗಿತ್ತು. ಚಕ್ಕೋತ ತಿಂದ ಶೀತ ಅಂತ ಎಲ್ಲರಿಗೂ ಹೇಳಿದೆ, ನಿಮಗೂ ಅದನ್ನೇ ಹೇಳ್ತಾ ಇದ್ದೀನಿ. ಆದರೂ ಕೈ ಹಿಂತೆಗೆಯೋಕೆ ಮನಸ್ಸು ಬರದೆ ಅವಳ ಹಣೆ ಮೇಲೇ ಇಟ್ಕೊಂಡು ಕೂತಿದ್ದೆ. ಈ ಬುಧವಾರದಿಂದ ಪಿತೃಪಕ್ಷ. ಅದು ಶುರುವಾದರೆ ದಸರಾವರೆಗೂ ಮುಡಿ ಕೊಡೋ ಹಾಗಿಲ್ಲ. ಮಂಗಳವಾರದ ಒಳಗೆ ಆಗಬೇಕು.

ಆಗೋದು ಕಷ್ಟವೇನೂ ಅಲ್ಲ. ಅರ್ಧ ಅಣ್ಣನ ತೊಡೆ ಮೇಲಾಗಿದೆ, ಉಳಿದರ್ಧ ತಮ್ಮನ ತೊಡೆ ಮೇಲಾಗಲಿ. ಇಬ್ಬರೂ ಸೋದರಮಾವಂದಿರೇ ತಾನೇ? ಇದು ನಿನ್ನೆ ನಾನೇ ಹೇಳಿದೆ. ಹೇಳಿದ್ದೇ ತಡ, ಇಬ್ಬರೂ ನನ್ನ ಮೇಲೇ ಬಿದ್ದರು. ನೀನು ಅವನ ಕಡೆ ಸೇರ್ಕೊಂಡೆ ಅಂತ ಅಣ್ಣ, ನೀನು ಅವನ ಕಡೆ ಸೇರ್ಕೊಂಡೆ ಅಂತ ತಮ್ಮ. ಅಲ್ಲಾ ರೀ, ಒಂದೇ ಬಾಯಲ್ಲಿ ಆಡಿದ ಒಂದೇ ಮಾತಿಗೆ ನಾನು ಎರಡು ಕಡೆಗೂ ದ್ರೋಹಿ ಆದೆ. ನೀವು ಇದನ್ನ ವರ್ಷಗಟ್ಟಲೆ ಹೇಗೆ ತಡ್ಕೊಂಡಿರಿ?

ಇವತ್ತು ಬೆಳಗ್ಗೆ ಅಣ್ಣ ದನಕ್ಕೆ ಮೇವು ಹಾಕೋ ನೆಪದಲ್ಲಿ ನನ್ನ ಹತ್ರ ಬಂದ. ನಿಮ್ಮ ಯಜಮಾನ್ರು ಬಂದು ಹೇಳಿದರೆ ನಾನು ಆ ಕಾಂಗ್ರೆಸ್ಸಿನವನ ಪಕ್ಕ ಕೂರ್ತೀನಿ ಅಂದ. ಯಾಕಣ್ಣ ಅಂದೆ. ಹೋದ ತಿಂಗಳು ನಿಮ್ಮೂರ ಪೇಟೇಲಿ ಮೆರವಣಿಗೆಯವರು ಇವನ ಗಾಡಿಗೆ ಮುತ್ತಿಗೆ ಹಾಕಿದ್ದರಂತೆ. ನೀವು ಗಾಡಿ ಹತ್ತಿ ಇವನ ಪಕ್ಕ ಕೂತು ಊರಾಚೆವರೆಗೂ ಬಂದಿರಂತೆ. ದಾರಿಯುದ್ದಕ್ಕೂ, ಜನ ಸರ್ಕಾರ ಕೇಳೋದು ರಾಜದ್ರೋಹ ಅಲ್ಲ ಕಣಯ್ಯಾ ಅಂತ ಇವನಿಗೇ ಬೈದಿರಂತೆ. ಅವರು ಒಳಗೊಳಗೆ ನಮ್ಮವರೇ ಅಂತ ಮೀಸೆ ತಿರುವಿದ.

ಅವನು ಅತ್ತ ಹೋದ, ಇವನು ಇತ್ತ ಬಂದ. ಭಾವ ಬಂದು ಹೇಳಿದರೆ ಮಾತ್ರ ಕೂರ್ತೀನಕ್ಕಾ ಅಂದ ರಾಮಾಂಜಿನಿ. ನಲವತ್ತೆರಡರಲ್ಲಿ ಇವನು ನಿಮ್ಮೂರ ಲಾಕಪ್ಪಿನಲ್ಲಿದ್ದಾಗ, ಪೊಲೀಸರಿಗೆ ದಮ್ಮಯ್ಯ ಹಾಕಿ ನೀವೇ ದಿನಾ ಮುದ್ದೆ ಸಾರು ಒಯ್ದು ಕೊಟ್ಟಿರಂತೆ. ಕೊಟ್ಟು, ತಂತಿ ಕತ್ತರಿಸಿದ್ದು ತಪ್ಪು ಕಣೋ ಅಂತ ದಿನಾ ಬೈದೂ ಬಂದಿರಂತೆ. ಭಾವ ಮನಸ್ಸಿನಲ್ಲಿ ಕಾಂಗ್ರೆಸ್ಸೇ ಅಂತ ಇವನೂ ಎದೆ ತಟ್ಟಿಕೊಂಡ.

ನೀವು ಇದರಲ್ಲಿ ಒಂದನ್ನೂ ನನಗೆ ಹೇಳಿರಲಿಲ್ಲ. ಆವಾಗ ದಿನಾ ಮಧ್ಯಾಹ್ನ ಇನ್ನೊಂದು ಮುದ್ದೆ ಜಾಸ್ತಿ ಹಾಕು ಅಂತಿದ್ದಿರಿ, ನಿಮ್ಮ ಹೊಟ್ಟೆಗೇ ಅಂತ ನಾನು ದಡ್ಡಿ ತಿಳ್ಕೊಂಡಿದ್ದೆ. ಯಾವ ಕಡೆಗೂ ಸೇರದ ಗಂಡಸು ಹೆದರುಪುಕ್ಕಲ ಅಂದುಕೊಂಡಿದ್ದೆ. ಹೆದರಿದವನು ಆ ಗಾಡಿ ಹತ್ತುತ್ತಿರಲಿಲ್ಲ, ಆ ಠಾಣೆಗೆ ಹೋಗ್ತಿರಲಿಲ್ಲ. ನಮ್ಮ ಮನೆ ಗಂಡಸರು ಇಬ್ಬರೂ ತಮ್ಮ ತಮ್ಮ ಗುಂಪಿನ ನಡುವೆ ನಿಂತು ಗಂಟಲು ಹರಕೊಳ್ತಾರೆ, ಅದಕ್ಕೇನು ಧೈರ್ಯ ಬೇಕು? ಇದನ್ನ ನಾನು ಇಲ್ಲಿ ಬರೆದಿದ್ದೀನಿ, ಎದುರಿಗೆ ಸಿಕ್ಕಾಗ ಕೇಳಿದರೆ ಬರೆದೇ ಇಲ್ಲ ಅಂತೀನಿ.

ಆದ್ದರಿಂದ ಈ ಕಾಗದ ಕಂಡ ಕೂಡಲೇ ಹೊರಡಬೇಕು. ನಿಮ್ಮನ್ನ ನೋಡಬೇಕು ಅಂತ ನನಗೇನೂ ಆಗಿಲ್ಲ. ಮಗು ತಲೆಗೋಸ್ಕರ ಕರೀತಿದ್ದೀನಿ ಅಷ್ಟೇ. ನಮ್ಮ ಬೆಲ್ಲ ಹೊರೋ ಗಾಡಿ ಮಸ್ತಾನ್ ಇವತ್ತು ಈ ಕಡೆ ಬರೋ ದಿನ, ಅವನ ಕೈಲಿ ಇದನ್ನ ಕಳಿಸ್ತೀನಿ. ಅದೇ ಗಾಡೀಲಿ ನೀವು ನಾಳೆ ಸಂಜೆಗೆ ಇಲ್ಲಿರಬೇಕು. ಮಂಡಿ ಒಂದೆರಡು ದಿನ ಮುಚ್ಚಿದ್ದರೆ ಮುಳುಗಿಹೋಗೋದಿಲ್ಲ.

ಹೀಗೆ ಬರೆದು ತಿಳಿಸುವ,
ಇನ್ನೂ ಸಿಟ್ಟಿನಲ್ಲೇ ಇರುವ ನಿಮ್ಮ
ಅಕ್ಕಯಮ್ಮ

ತಾ.ಕ.: ಕಾಗದ ಮಡಿಚೋ ಹೊತ್ತಿಗೆ ಮಸ್ತಾನ್ ಬಂದ. ಬಂದವನು ಒಂದು ಗಂಟು ಬಿಚ್ಚಿ ನನ್ನ ಮುಂದೆ ಎರಡು ಸಾಮಾನು ಇಟ್ಟ. ದರ್ಜಿ ಸರ್ದಾರ್ ಪಾಷಾ ಹೊಲಿದ ಗಾಂಧಿ ಟೋಪಿ ಒಂದು, ಅರಮನೆ ಕಡೆಯವರು ಸುತ್ತೋ ಅಂಥ ಹೊಸಾ ಜರಿಪೇಟ ಒಂದು. ಒಂದು ಕಡೆ ಸೇರಿ ಅಂದಳೇ ಹೊರತು ಯಾವ ಕಡೆ ಅಂತ ಹೇಳಲಿಲ್ಲ, ಯಾವುದು ಬೇಕೋ ಕೇಳ್ಕೊಂಡು ಬಾ, ಅದನ್ನೇ ಹಾಕ್ಕೊಂಡು ಬಂದು ಕರ್ಕೊಂಡು ಬರ್ತೀನಿ, ಮನೇಲಿ ಒಬ್ಬನೇ ಇರೋಕೆ ಆಗ್ತಿಲ್ಲ ಅಂತ ನೀವು ಹೇಳಿ ಕಳಿಸಿದಿರಂತೆ. ಅಯ್ಯೋ ನನ್ನ ದೇವರೇ! ಎರಡನ್ನೂ ಕೈಲಿ ಹಿಡ್ಕೊಂಡು ನಗ್ತಾ ಕೂತಿದ್ದವಳಿಗೆ ಯಾವಾಗ ಅಳು ಬಂತೋ ಗೊತ್ತಾಗಲಿಲ್ಲ. ಯಾವ ಕಡೆ ಅಂತ ನಾನೂ ಯೋಚನೆ ಮಾಡಿರಲಿಲ್ಲ ರೀ. ಎರಡನ್ನೂ ಇದೇ ಗಾಡೀಲಿ ವಾಪಸು ಕಳಿಸಿದ್ದೀನಿ. ಇಲ್ಲಿ ಕಡೆಗಳಿಗೇನೂ ಬರ ಇಲ್ಲ, ನಡುವೆ ಕೂರೋದಕ್ಕೆ ಒಬ್ಬರೂ ಇಲ್ಲ. ಮಂಡೀಲಿ ದಿನಾ ಸುತ್ಕೊಳ್ತೀರಲ್ಲ, ಬೆಲ್ಲದ ಜಿಗುಟು ಹಿಡಿದ ಆ ಟವಲು, ಅದನ್ನೇ ಸುತ್ಕೊಂಡು ಬನ್ನಿ. ಬೇರೆ ಏನಾದರೂ ಹಾಕ್ಕೊಂಡು ಬಂದರೆ ಮುತ್ತುಗೆ ಗುರುತು ಸಿಗೋಲ್ಲ, ನನಗೂ ಸಿಗೋಲ್ಲ.